ಅಮ್ಮ ಗುರುತು ಹಿಡಿದ ಅಕ್ಷರ

ಮನೆಯಲ್ಲಿ ಅವಳನ್ನು ಪಾಪು ಎಂದೇ ಕರೆಯುತ್ತಿದ್ದರು. ಹದಿನೈದು ತುಂಬಿ, ಅಜ್ಜಿಗಿಂತ ಒಂದು ಗೇಣು ಎತ್ತರ ಬೆಳೆದು, ಚಿಕ್ಕಮ್ಮನ ಚಪ್ಪಲಿ ಕಾಲಿಗೆ ಬಿಗಿಯಾಗತೊಡಗಿದ ಮೇಲೂ ಆ ಹೆಸರು ಬಿಟ್ಟುಹೋಗಲಿಲ್ಲ. ಹಾಗೆ ಕರೆದಾಗಲೆಲ್ಲ ಅವಳು ಮೂಗು ಮುರಿಯುತ್ತಿದ್ದಳು. ಯಾರಾದರೂ ನಿಜವಾಗಿ ಕರೆಯುವುದನ್ನು ನಿಲ್ಲಿಸಿದ್ದರೆ ಊಟ ಬಿಟ್ಟು ಮಲಗುತ್ತಿದ್ದಳು ಎಂಬುದೂ ಅಷ್ಟೇ ಸತ್ಯ. ಒಬ್ಬಳೇ ಮಗಳು, ಒಬ್ಬಳೇ ಮೊಮ್ಮಗಳು. ಅಪ್ಪ ಸರಕು ರೈಲಿನ ಗಾರ್ಡು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು, ಆ ಎರಡು ದಿನವೂ ನಿದ್ದೆ. ಉಳಿದಂತೆ ಅಮ್ಮ, ಅಮ್ಮನ ತಂಗಿ, ಅಮ್ಮನ ಅಮ್ಮ, ಈ ಮೂವರ ಮುದ್ದೂ ಅವಳೊಬ್ಬಳ ಪಾಲಿಗೇ. ಇಂಥ ಮನೆಗೆ ಅಮ್ಮ ಒಂದು ಮಧ್ಯಾಹ್ನ ಇನ್ನೊಬ್ಬಳನ್ನು ಊಟಕ್ಕೆ ಕರೆದುಕೊಂಡು ಬಂದಳು.

ಬಂದವಳಿಗೆ ಶಾಲೆಯಲ್ಲಿ ಬಿಳಿಹಾಳೆ ಎಂದು ಹೆಸರು ಬಿದ್ದಿತ್ತು. ಆ ವರ್ಷವೇ ಬೇರೆ ಊರಿನಿಂದ ಬಂದು ಪಾಪುವಿನ ತರಗತಿಗೆ ಸೇರಿದ್ದಳು. ಪರೀಕ್ಷೆಯಲ್ಲಿ ಉತ್ತರಪತ್ರಿಕೆಯನ್ನು ಹೇಗೆ ಕೊಟ್ಟರೋ ಹಾಗೇ ಹಿಂದಿರುಗಿಸುವವಳು, ಒಂದು ಚುಕ್ಕೆಯನ್ನೂ ಇಡದೆ. ಎಬ್ಬಿಸಿ ನಿಲ್ಲಿಸಿ ಕೇಳಿದರೆ ಪಾಠವನ್ನು ಮೊದಲಿಂದ ಕೊನೆಯವರೆಗೂ ಹೇಳುತ್ತಿದ್ದಳು. ಬರೆ ಎಂದರೆ ಪೆನ್ನು ಕೆಳಗಿಡುತ್ತಿದ್ದಳು. ಗಣಿತದ ಮೇಷ್ಟ್ರು ಸ್ಕೇಲಿನಲ್ಲಿ ಹೊಡೆಯಲು ಹೋದಾಗ ಸ್ಕೇಲನ್ನೇ ಕಿತ್ತುಕೊಂಡು ಎರಡು ತುಂಡು ಮಾಡಿ ಅವರ ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟಳು. ಬಿಳಿಹಾಳೆ ಎಂದು ಕೂಗಿದ ಹುಡುಗಿಯ ಚೀಲ ನೀರಿನ ತೊಟ್ಟಿ ಸೇರಿತು. ಇವಳನ್ನು ಬೇರೆ ಯಾವುದಾದರೂ ಶಾಲೆಗೆ ಸಾಗಹಾಕಿಬಿಡೋಣ ಎಂದು ಹೆಡ್‌ಮಾಸ್ಟರು ಎರಡು ಸಲ ಕಾಗದ ತಯಾರು ಮಾಡಿದ್ದರು. ಎರಡು ಸಲವೂ ಅಡ್ಡ ನಿಂತವಳು ಇತಿಹಾಸದ ಟೀಚರು, ಅಂದರೆ ಪಾಪುವಿನ ಅಮ್ಮ.

ಆ ಟೀಚರಿನ ಮಾತಿಗೆ ಊರಲ್ಲಿ ತೂಕವಿತ್ತು. ಅವಳಲ್ಲಿ ಒಂದು ವಿದ್ಯೆಯೂ ಇತ್ತು. ಯಾರ ಕೈಬರಹವನ್ನಾದರೂ ಒಂದು ಸಲ ಕಂಡರೆ ಸಾಕು, ಮತ್ತೆ ಮರೆಯುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಹೆಸರಿನ ಜಾಗವನ್ನು ಕೈಯಿಂದ ಮುಚ್ಚಿಕೊಂಡು, ಮೊದಲ ಸಾಲು ಓದಿ, ಯಾರದೆಂದು ಹೇಳಿ ಆಮೇಲೆ ಕೈ ತೆಗೆಯುತ್ತಿದ್ದಳು. ಅಂಚೆಯಲ್ಲಿ ಹೆಸರಿಲ್ಲದ ಚಾಡಿ ಪತ್ರ ಬಂದರೆ ದೊಡ್ಡ ಮನುಷ್ಯರೂ ಅವಳ ಮುಂದೆ ತಂದು ಇಡುವುದಿತ್ತು. ಇವಳ ಕಣ್ಣಿಗೆ ಹೆದರಿ ನಮ್ಮೂರ ಹುಡುಗರು ಪ್ರೇಮಪತ್ರ ಬರೆಯುವುದನ್ನೇ ಬಿಟ್ಟರು ಎಂದು ಅಪ್ಪ ನಗಾಡುತ್ತಿದ್ದ.

ಇರಲಿ, ಆ ಮಧ್ಯಾಹ್ನದ ಊಟಕ್ಕೆ ಬರೋಣ. ಶಾಲೆಗೂ ಮನೆಗೂ ಮೂರೇ ನಿಮಿಷದ ದಾರಿ. ಚಿಕ್ಕಮ್ಮ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವವಳು, ಬುತ್ತಿ ಕಟ್ಟಿಕೊಂಡು ಹೋದರೆ ಬರುವುದು ಸಂಜೆ ಆರಕ್ಕೆ. ಮೇಜಿನ ಸುತ್ತ ಇದ್ದದ್ದು ಅಮ್ಮ, ಅಜ್ಜಿ, ಪಾಪು.

"ಪಾಪು, ಆ ಕಡೆ ಸರಿ. ಅವಳು ಕೂತ್ಕೊಳ್ಳಲಿ," ಎಂದಳು ಅಮ್ಮ.

ಆ ಕಡೆ ಇದ್ದದ್ದು ಒಂದು ಕಾಲು ಕುಂಟುವ ಸ್ಟೂಲು.

"ಅದು ನನ್ನ ಕುರ್ಚಿ."

"ಕುರ್ಚಿ ಮೇಲೆ ನಿನ್ನ ಹೆಸರು ಬರೆದಿದೆಯಾ?"

ಬರೆದಿತ್ತು. ಆರನೆಯ ವಯಸ್ಸಿನಲ್ಲಿ ಮೊಳೆಯಿಂದ ಕೆರೆದು ಪಾಪುವೇ ಬರೆದದ್ದು. ಕುರ್ಚಿಯನ್ನು ತಿರುಗಿಸಿ ತೋರಿಸಿದಳು. ಅಜ್ಜಿ ಕಿಸಕ್ಕನೆ ನಕ್ಕಳು. ಅಮ್ಮ ನಗಲಿಲ್ಲ. ಕಣ್ಣಲ್ಲೇ ಸ್ಟೂಲು ತೋರಿಸಿದಳು. ಪಾಪು ಸ್ಟೂಲಿನ ಮೇಲೆ ಕೂತು ಅತ್ತಿತ್ತ ಓಲಾಡುತ್ತ ಅನ್ನ ಕಲಸಿದಳು.

ಬೇಯಿಸಿದ ಮೊಟ್ಟೆ ಮೂರೇ ಇದ್ದವು. ಅಮ್ಮ ತನ್ನದನ್ನು ಎತ್ತಿ ಬಿಳಿಹಾಳೆಯ ತಟ್ಟೆಗೆ ಹಾಕಿದಳು. ಪಾಪುವಿನ ಮೊಟ್ಟೆ ಪಾಪುವಿನ ತಟ್ಟೆಯಲ್ಲೇ ಇತ್ತು, ಆದರೆ ಅಮ್ಮ ತನ್ನ ಮೊಟ್ಟೆಯಲ್ಲಿ ಅರ್ಧ ಯಾವಾಗಲೂ ಪಾಪುವಿಗೆ ಕೊಡುತ್ತಿದ್ದಳಲ್ಲ, ಆ ಅರ್ಧ ಹೋಯಿತು. ಅರ್ಧ ಮೊಟ್ಟೆಗೆ ಯಾರೂ ಸಾಯುವುದಿಲ್ಲ. ಪಾಪು ಮಾತ್ರ ತನ್ನ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ತಳ್ಳಿದಳು.

"ತಿನ್ನು ಮಗಳೇ, ನಾಚ್ಕೋಬೇಡ," ಎಂದಳು ಅಮ್ಮ, ಬಿಳಿಹಾಳೆಗೆ.

ಮಗಳೇ! ಶಾಲೆಯಲ್ಲಿ ಪಾಪು ಅಮ್ಮನನ್ನು ಅಮ್ಮ ಎನ್ನುವಂತಿರಲಿಲ್ಲ. ಒಮ್ಮೆ ಬಾಯಿತಪ್ಪಿ ಅಂದದ್ದಕ್ಕೆ, "ಇಲ್ಲಿ ನಾನು ಎಲ್ಲರಿಗೂ ಟೀಚರ್," ಎಂದು ನಲವತ್ತು ಮಕ್ಕಳ ಮುಂದೆ ಹೇಳಿಸಿಕೊಂಡಿದ್ದಳು. ಶಾಲೆಯಲ್ಲಿ ಎಲ್ಲರಿಗೂ ಟೀಚರ್ ಆದರೆ ಮನೆಯಲ್ಲಿ ತನಗೊಬ್ಬಳಿಗೇ ಅಮ್ಮ ಆಗಬೇಡವೇ? ಲೆಕ್ಕ ಸರಿಯಾಗಿಯೇ ಇತ್ತು. ಹೊಟ್ಟೆಕಿಚ್ಚು ಅವತ್ತೇ ಹೊತ್ತಿಕೊಂಡಿತು.

ಅಂದಿನಿಂದ ಬಿಳಿಹಾಳೆ ದಿನಾ ಬಂದಳು. ಮಧ್ಯಾಹ್ನ ಊಟಕ್ಕೆ, ಶಾಲೆ ಬಿಟ್ಟ ಮೇಲೆ ಪಾಠಕ್ಕೆ. ಐದೂವರೆಗೆ ಹೋಗುತ್ತಿದ್ದಳು, ಬಸ್ ನಿಲ್ದಾಣದ ಹಿಂದೆ ಅವಳ ತಾಯಿಯ ಇಸ್ತ್ರಿ ಅಂಗಡಿ. ಹುಡುಗಿಯ ಮೈಯಿಂದ ಯಾವಾಗಲೂ ಕಾದ ಬಟ್ಟೆಯ ವಾಸನೆ ಬರುತ್ತಿತ್ತು. ಅದು ಅಜ್ಜಿಗೂ ಹಿಡಿಸಿಬಿಟ್ಟಿತು. "ಎಷ್ಟು ಶುಭ್ರವಾಗಿದೆ ಮಗು, ನೀನೂ ಇದ್ದೀಯ, ಕಾಲರ್ ನೋಡ್ಕೋ," ಎಂದು ಪಾಪುವಿಗೆ ಅಂದಳು. ಅಜ್ಜಿಗೆ ಒಂದು ಕಿವಿ ಕೇಳುವುದಿಲ್ಲ. ಯಾವ ಕಿವಿ ಎಂಬುದು ಮಾತ್ರ ಸಂದರ್ಭ ನೋಡಿಕೊಂಡು ಬದಲಾಗುತ್ತಿತ್ತು.

ಪಾಪು ಕೈಕಟ್ಟಿ ಕೂರಲಿಲ್ಲ. ಎರಡನೆಯ ವಾರ ಬಿಳಿಹಾಳೆಯ ತಟ್ಟೆಯ ಬೇಳೆಗೆ ಎರಡು ಚಮಚ ಉಪ್ಪು ಸುರಿದಳು. ಆ ಹುಡುಗಿ ಮುಖ ಒಂದಿಷ್ಟೂ ಕಿವುಚದೆ ಪೂರ್ತಿ ತಿಂದಳು. ಮೂರು ಲೋಟ ನೀರು ಕುಡಿದಳು. ಕೈ ತೊಳೆಯುವಾಗ ಪಾಪುವಿನ ಪಕ್ಕ ನಿಂತು, "ನಾಳೆ ನಾನು ಬಡಿಸ್ಲಾ?" ಎಂದಳು. ಪಾಪು ಎರಡು ದಿನ ತನ್ನ ತಟ್ಟೆಯನ್ನು ಮೂಸಿ ನೋಡಿ ಊಟ ಮಾಡಿದಳು.

ಬರೆಯುವ ವಿಷಯ ಮಾತ್ರ ಮುಂದೆ ಹೋಗಲಿಲ್ಲ. ಒಂದು ಸಂಜೆ ಅಮ್ಮ ತಾಳ್ಮೆಗೆಟ್ಟು ಕೇಳಿದಳು.

"ಎಲ್ಲ ಗೊತ್ತಿದೆ ನಿನಗೆ. ಕೈಗೇನಾಗಿದೆ? ಒಂದು ಸಾಲು ಬರೆಯೋಕೆ ಏನು ಭಯ?"

"ಅಮ್ಮ ಹೇಳಿದ್ದಾಳೆ," ಎಂದಳು ಬಿಳಿಹಾಳೆ. "ನಿನ್ನ ಅಕ್ಷರ ಬೇರೆಯವರ ಕೈಗೆ ಕೊಡಬೇಡ ಅಂತ. ಅದು ಯಾರದು ಅಂತ ಅವರೇ ಹೇಳೋದು, ನಾವು ಹೇಳಿದ್ರೆ ಯಾರೂ ಕೇಳಲ್ಲ ಅಂತ."

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಖಾಲಿ ಒಲೆಯ ಮುಂದೆ ನಿಂತು ಬಂದು, ತನ್ನ ಬೀರುವಿನ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಬಿಳಿಹಾಳೆಯ ಮುಂದಿಟ್ಟಳು.

"ಇಲ್ಲಿ ಬರೆದದ್ದು ಈ ಮನೆ ದಾಟಲ್ಲ. ಪುಸ್ತಕ ಬೀರುವಿನಲ್ಲಿಡು. ಬೀಗ ನೀನೇ ಹಾಕು, ಕೀಲಿ ನಿನ್ನ ಹತ್ತಿರವೇ ಇರಲಿ."

ಆ ಬೀರುವಿನಲ್ಲಿ ಅಮ್ಮನ ಒಳ್ಳೆ ಬಟ್ಟೆಗಳಿದ್ದವು, ಅಪ್ಪನ ಪತ್ರಗಳಿದ್ದವು, ಪಾಪು ಹುಟ್ಟಿದಾಗ ಕತ್ತರಿಸಿದ ಮೊದಲ ಕೂದಲು ಒಂದು ಕಾಗದದಲ್ಲಿತ್ತು. ಪಾಪು ಆ ಕೀಲಿ ಕೇಳಿದಾಗಲೆಲ್ಲ, "ದೊಡ್ಡವಳಾದ ಮೇಲೆ," ಎಂಬ ಉತ್ತರ ಸಿಕ್ಕಿತ್ತು.

"ನಾನು ಕೇಳಿದ್ರೆ ಕೊಡಲ್ಲ," ಎಂದಳು ಪಾಪು.

"ನಿನಗೆ ಏನು ಕಮ್ಮಿಯಾಗಿದೆ ಅಂತ?"

"ಅಜ್ಜಿ, ನೋಡಜ್ಜಿ!"

ಅಜ್ಜಿಗೆ ಅವತ್ತು ಎರಡೂ ಕಿವಿ ಕೇಳಲಿಲ್ಲ.

ಅದಾದ ನಾಲ್ಕನೆಯ ದಿನ ಬಿಳಿಹಾಳೆ ಬರೆದಳು. ಒಂದು ಸಾಲು. ಮಾರನೆಯ ದಿನ ಅರ್ಧ ಪುಟ. ಅಮ್ಮ ಆ ಅರ್ಧ ಪುಟವನ್ನು ಹಿಡಿದುಕೊಂಡು ಮನೆಯ ತುಂಬ ಓಡಾಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು, ಅಂಚಿನಲ್ಲಿ ಕೆಂಪು ಶಾಯಿಯಿಂದ ಮೂರು ಸಾಲು ಮೆಚ್ಚುಗೆ ಬರೆದಳು. ಅರ್ಧವಾರ್ಷಿಕದಲ್ಲಿ ಪಾಪು ಇತಿಹಾಸಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಾಗ ಅಂಚಿನಲ್ಲಿ ಬಂದದ್ದು ಒಂದು ಟಿಕ್ಕು. ಬಾಯಲ್ಲಿ ಬಂದದ್ದು, "ಅಕ್ಷರ ಬಲಕ್ಕೆ ವಾಲುತ್ತೆ, ನೆಟ್ಟಗೆ ಮಾಡ್ಕೋ."

ಹೀಗೆ ಒಂದೂವರೆ ತಿಂಗಳು ಕಳೆಯಿತು. ವರ್ಷದ ಪರೀಕ್ಷೆಗೆ ಹದಿನೈದು ದಿನ ಇದೆ ಎನ್ನುವಾಗ ಆಸ್ಪತ್ರೆಯಲ್ಲಿ ವಿದ್ಯುತ್ತಿನ ಏನೋ ರಿಪೇರಿ ಎಂದು ಚಿಕ್ಕಮ್ಮ ಮಧ್ಯಾಹ್ನವೇ ಮನೆಗೆ ಬಂದಳು. ಮನೆಗೆ ಪಾಠಕ್ಕೆ ಯಾರೋ ಹುಡುಗಿ ಬರುತ್ತಾಳೆ ಎಂದು ಕೇಳಿದ್ದಳೇ ಹೊರತು ನೋಡಿರಲಿಲ್ಲ. ಚಿಕ್ಕಮ್ಮ ಹಸನ್ಮುಖಿ. ತಟ್ಟೆ ಹಾಕಿಕೊಂಡು ಕೂತು, "ಇವಳೇನಾ ನಿಮ್ಮ ಬೆಂಕಿ ಚೆಂಡು? ಯಾರ ಮಗಳಮ್ಮ ನೀನು?" ಎಂದು ಕೇಳಿದಳು.

"ಇಸ್ತ್ರಿ ಅಂಗಡಿಯವರ ಮಗಳು," ಎಂದಳು ಪಾಪು, ಆ ಮಾತಿನಲ್ಲಿ ಸಾಧ್ಯವಾದಷ್ಟು ತಾತ್ಸಾರ ತುಂಬಿ.

"ನಮ್ಮಮ್ಮ ಇದೇ ಊರಿನವಳು," ಎಂದಳು ಬಿಳಿಹಾಳೆ. "ಇದೇ ಸ್ಕೂಲಲ್ಲಿ ಓದಿದ್ದು. ಪರೀಕ್ಷೆ ದಿನ ಚೀಟಿ ಇತ್ತು ಅಂತ ಹೊರಗೆ ಹಾಕಿದ್ರಂತೆ. ಆಮೇಲೆ ಓದಿಸಲಿಲ್ಲ, ಮದುವೆ ಮಾಡಿಬಿಟ್ರು."

ಚಿಕ್ಕಮ್ಮ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಅಡುಗೆಮನೆಗೆ ಹೋದಳು. ಅಮ್ಮ ಹಿಂದೆಯೇ ಹೋದಳು. ಪಾಪುವಿನ ಕಿವಿ ನೆಟ್ಟಗಾಯಿತು. ತೊಳೆಯುವ ಪಾತ್ರೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಅಡುಗೆಮನೆಯ ಕಿಟಕಿಯ ಕೆಳಗೆ ಕೂತಳು. ಅಷ್ಟು ವರ್ಷದಲ್ಲಿ ಅವಳಾಗಿ ಪಾತ್ರೆ ತೊಳೆದದ್ದು ಅದೇ ಮೊದಲು. ಯಾರಿಗೂ ಅನುಮಾನ ಬರಲಿಲ್ಲ ಎಂಬುದೇ ಒಳಗಿನ ಜಗಳ ಎಷ್ಟು ಜೋರಾಗಿತ್ತು ಎಂದು ಹೇಳುತ್ತದೆ.

"ಅವಳ ಮಗಳನ್ನ ತಂದು ನನ್ನ ಎದುರಿಗೆ ಕೂರಿಸಿದ್ದೀಯ," ಎನ್ನುತ್ತಿದ್ದಳು ಚಿಕ್ಕಮ್ಮ. "ಬೇಕಂತಲೇ ಮಾಡಿದ್ದು ನೀನು."

"ನಿನ್ನ ಎದುರಿಗೆ ಕೂರಿಸಿಲ್ಲ. ನಿನಗೆ ಗೊತ್ತಾಗದ ಹಾಗೇ ನಡೆಸಿದ್ದು."

"ಹದಿನೆಂಟು ವರ್ಷ ಆಯ್ತಕ್ಕ. ಊರೇ ಮರೆತಿದೆ."

"ಆ ಚೀಟಿ ನಿನ್ನದು. ಅಕ್ಷರ ಕಂಡ ಕೂಡಲೇ ಗೊತ್ತಾಯ್ತು ನನಗೆ. ನಿಮ್ಮಿಬ್ಬರ ಬೆಂಚಿನ ಮಧ್ಯ ಬಿದ್ದಿತ್ತು. ಯಾರದು ಹೇಳಿ ಟೀಚರ್ ಅಂತ ಕೇಳಿದ್ರು, ನಾನು ಅವಳ ಕಡೆ ಬೆರಳು ತೋರಿಸಿದೆ. ನನ್ನ ಮಾತು ಅಂದ್ರೆ ಮಾತು ಅಂತ ಎಲ್ಲರೂ ನಂಬಿದ್ರು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು ಅಷ್ಟೆ."

"ನಾನು ಹೇಳಿದ್ನಾ ನಿನಗೆ, ಸುಳ್ಳು ಹೇಳು ಅಂತ?"

"ನೀನು ಹೇಳ್ಲಿಲ್ಲ. ನಾನು ಅಕ್ಕ, ಹೇಳಿದೆ."

ಅಜ್ಜಿಯ ದನಿ ಸೇರಿತು. "ಮೆಲ್ಲಗೆ! ಹುಡುಗಿ ಅಲ್ಲೇ ಕೂತಿದೆ. ಆವತ್ತೂ ಅದನ್ನೇ ಹೇಳಿದೆ ನಿಮಗೆ, ಈಗಲೂ ಅದನ್ನೇ ಹೇಳ್ತೀನಿ. ಒಂದು ಮಗು ಹಾಳಾಯ್ತು, ಬಾಯಿ ಬಿಟ್ರೆ ಇನ್ನೆರಡು ಹಾಳಾಗ್ತಿತ್ತು. ಮುಚ್ಚಿ ಸಾಕು."

ಪಾಪು ಒಂದೇ ಲೋಟವನ್ನು ಹತ್ತು ನಿಮಿಷ ಉಜ್ಜಿದಳು. ಬೇರೆ ಯಾರಾದರೂ ಆಗಿದ್ದರೆ ಆ ಇಸ್ತ್ರಿಯವಳ ಬಗ್ಗೆ ಅಯ್ಯೋ ಅನ್ನುತ್ತಿದ್ದರು. ಪಾಪುವಿಗೆ ಹೊಳೆದದ್ದು ಬೇರೆ. ಅಮ್ಮ, ತಪ್ಪು ಮಾಡಿದರೆ ಸ್ವಂತ ಮಗಳಿಗೂ ಒಂದು ಅಂಕ ಬಿಡದ ಅಮ್ಮ, ಚಿಕ್ಕಮ್ಮನಿಗೋಸ್ಕರ ಸುಳ್ಳು ಹೇಳಿದ್ದಾಳೆ! ನೂರು ಜನರ ಮುಂದೆ! ಅಷ್ಟು ಪ್ರೀತಿಯೇ ಚಿಕ್ಕಮ್ಮನ ಮೇಲೆ? ಒಂದೂವರೆ ತಿಂಗಳು ಬಿಳಿಹಾಳೆಯ ಮೇಲೆ ಇದ್ದ ಹೊಟ್ಟೆಕಿಚ್ಚು ಈಗ ಚಿಕ್ಕಮ್ಮನ ಮೇಲೂ ತಿರುಗಿ ಎರಡರಷ್ಟಾಯಿತು. ಒಬ್ಬಳಿಗೆ ಮೊಟ್ಟೆ, ಬೀಗದ ಕೈ, ಮಗಳೇ ಎಂಬ ಮಾತು. ಇನ್ನೊಬ್ಬಳಿಗೆ ಇಡೀ ಜನ್ಮದಲ್ಲಿ ಹೇಳಿದ ಒಂದೇ ಸುಳ್ಳು. ತನಗೆ ಅಕ್ಷರ ವಾಲುತ್ತೆ ಎಂಬ ಬುದ್ಧಿವಾದ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು, ಪಾತ್ರೆ ಕುಕ್ಕುವ ಸದ್ದು ಜಾಸ್ತಿಯಾಯಿತು. ಚಿಕ್ಕಮ್ಮ ಸಂಜೆ ಏಳಕ್ಕೆ, ಏಳೂವರೆಗೆ ಬರತೊಡಗಿದಳು. ಬಿಳಿಹಾಳೆ ದಿನಕ್ಕೆ ನಾಲ್ಕು ಪುಟ ಬರೆಯತೊಡಗಿದಳು. ರಜೆಗೆ ಬಂದ ಅಪ್ಪ ಊಟದ ಮಧ್ಯೆ ಎಲ್ಲರ ಮುಖ ನೋಡಿ, "ಯಾವ ಸ್ಟೇಷನ್ನಿನಲ್ಲಿ ಹಳಿ ತಪ್ಪಿತು ಅಂತ ನನಗೂ ಯಾರಾದ್ರೂ ಹೇಳ್ರಪ್ಪ," ಎಂದ. ಅಜ್ಜಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅವನು ಹೋಗಿ ಮಲಗಿದ.

ಪಾಪು ಮನಸ್ಸಿನಲ್ಲಿ ಒಂದು ಪರೀಕ್ಷೆ ಇಟ್ಟಳು, ಅಮ್ಮನಿಗೆ. ತಂಗಿಗೋಸ್ಕರ ಹೇಳಿದವಳು ಮಗಳಿಗೋಸ್ಕರ ಹೇಳುತ್ತಾಳೋ ಇಲ್ಲವೋ? ಬಿಳಿಹಾಳೆಯನ್ನು ಓಡಿಸುವುದಷ್ಟೇ ಅವಳ ಉದ್ದೇಶವಾಗಿದ್ದರೆ ಅಕ್ಷರ ಮರೆಸಿ ಬರೆಯಬಹುದಿತ್ತು, ಎಡಗೈಯಲ್ಲಿ ಗೀಚಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಇತಿಹಾಸದ ಹತ್ತು ಇಸವಿಗಳನ್ನು, ಒಪ್ಪಂದಗಳ ಹೆಸರುಗಳನ್ನು ಬೆರಳಗಲದ ಚೀಟಿಯಲ್ಲಿ ತನ್ನದೇ ಅಕ್ಷರದಲ್ಲಿ ಬರೆದಳು. ಬಲಕ್ಕೆ ವಾಲುವುದನ್ನು ಸ್ವಲ್ಪ ಹೆಚ್ಚಿಗೇ ವಾಲಿಸಿದಳು, ಅಮ್ಮನ ಕಣ್ಣು ತಪ್ಪದಿರಲಿ ಎಂದು. ಮೊದಲ ಪತ್ರಿಕೆಯೇ ಇತಿಹಾಸ. ಆ ಬೆಳಿಗ್ಗೆ ಶಾಲೆಯ ನಲ್ಲಿಯ ಹತ್ತಿರ ಬಿಳಿಹಾಳೆ ನೀರು ಕುಡಿಯುವಾಗ ಅವಳ ಪೆನ್ಸಿಲ್ ಡಬ್ಬಿಯೊಳಗೆ ಅದನ್ನು ಇಟ್ಟಳು. ಸಿಕ್ಕಿಬಿದ್ದವರು ಉಳಿದ ಪತ್ರಿಕೆಗಳನ್ನು ಬರೆಯುವ ಹಾಗಿಲ್ಲ, ವರ್ಷ ಹೋದಂತೆ. ಅದೂ ಅವಳಿಗೆ ಗೊತ್ತಿತ್ತು. ತನ್ನ ವರ್ಷ ಹೋಗಬಹುದು ಎಂದು ಮಾತ್ರ ಒಂದು ಕ್ಷಣವೂ ಅನ್ನಿಸಲಿಲ್ಲ.

ಪ್ರಶ್ನೆಪತ್ರಿಕೆ ಹಂಚಿ ಮುಗಿದಿತ್ತು. ಬಿಳಿಹಾಳೆ ಡಬ್ಬಿ ತೆರೆದಳು, ಚೀಟಿ ಹಾರಿ ಗಣಿತದ ಮೇಷ್ಟ್ರ ಬೂಟಿನ ಹತ್ತಿರ ಬಿತ್ತು. ಮೇಷ್ಟ್ರು ಬಗ್ಗಿ ಎತ್ತಿಕೊಂಡರು. ಸ್ಕೇಲಿನ ನೆನಪು ಅವರಿಗೆ ಇನ್ನೂ ಹಸಿಯಾಗಿತ್ತು. "ಬಾರಮ್ಮ ತಾಯಿ," ಎಂದು ಎಬ್ಬಿಸಿದರು.

ಹೆಡ್‌ಮಾಸ್ಟರು ಬಂದರು.

"ನಂದಲ್ಲ," ಎಂದಳು ಬಿಳಿಹಾಳೆ.

"ಹಾಗಾದ್ರೆ ಇಲ್ಲಿ ಎರಡು ಸಾಲು ಬರಿ. ಹೋಲಿಸಿ ನೋಡೋಣ."

ಹುಡುಗಿ ಮುಂದಿಟ್ಟ ಹಾಳೆಯನ್ನು ನೋಡಿದಳು, ಅವರ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು. ಇಷ್ಟು ವಾರಗಳಲ್ಲಿ ಸಡಿಲವಾಗಿದ್ದ ಅವಳ ಮುಖ ಮತ್ತೆ ಬಿಗಿದುಕೊಂಡಿತು. ಪೆನ್ನನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ನಾನು ಬರೆಯೋದಿಲ್ಲ."

"ಬರೆಯದಿದ್ರೆ ನಿಂದೇ ಅಂತಾಗುತ್ತೆ."

"ಬರೆದ್ರೂ ನೀವು ನಂದೇ ಅಂತೀರಿ."

ವರ್ಷವಿಡೀ ಅವಳು ಶಾಲೆಯಲ್ಲಿ ಒಂದಕ್ಷರ ಬರೆದಿರಲಿಲ್ಲ, ಹೋಲಿಸಲು ಒಂದು ಹಾಳೆಯೂ ಇರಲಿಲ್ಲ. ಅವಳ ಬರಹ ಕಂಡವರು ಇಡೀ ಶಾಲೆಯಲ್ಲಿ ಒಬ್ಬರೇ. ಹೆಡ್‌ಮಾಸ್ಟರು ಪಕ್ಕದ ಕೊಠಡಿಯಿಂದ ಅವರನ್ನು ಕರೆಸಿದರು.

ಅಮ್ಮ ಬಂದಳು. ಚೀಟಿಯನ್ನು ತೆಗೆದುಕೊಂಡಳು. ಒಂದೇ ನೋಟಕ್ಕೆ ಅವಳ ಕಿವಿಗಳು ಕೆಂಪಾದವು. ತಲೆ ಎತ್ತಿ ಎರಡನೆಯ ಸಾಲಿನ ಮೂರನೆಯ ಬೆಂಚಿನ ಕಡೆ, ಪಾಪುವಿನ ಕಡೆ ನೋಡಿದಳು. ಪಾಪು ಕಣ್ಣು ತಪ್ಪಿಸಲಿಲ್ಲ. ಹೇಳು, ಎಂದುಕೊಂಡಳು. ನನಗೋಸ್ಕರ ಹೇಳು. ಆಮೇಲೆ ಜನ್ಮದಲ್ಲಿ ನಿನ್ನನ್ನು ಏನೂ ಕೇಳುವುದಿಲ್ಲ.

"ಟೀಚರ್? ಯಾರ ಅಕ್ಷರ?" ಎಂದರು ಹೆಡ್‌ಮಾಸ್ಟರು.

ಅಮ್ಮ ಬಾಯಿ ತೆರೆದಳು, ಮುಚ್ಚಿದಳು. ಬಿಳಿಹಾಳೆಯ ಕಡೆ ತಿರುಗಿದಳು. ಪಾಪುವಿನ ಎದೆ ಸಂತೋಷದಿಂದ ಹೊಡೆದುಕೊಂಡಿತು. ಹೌದು, ನಾಚಿಕೆಗೇಡು, ಆದರೆ ಸಂತೋಷದಿಂದಲೇ. ಬಿಳಿಹಾಳೆ ಮಾತ್ರ ಅಮ್ಮನನ್ನು ನೋಡುತ್ತಲೇ ಇರಲಿಲ್ಲ. ಉತ್ತರ ಮೊದಲೇ ಗೊತ್ತಿರುವವಳ ಹಾಗೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಾಗಿತ್ತು.

"ನಿಲ್ಲು, ಎಲ್ಲಿಗೆ ಹೋಗ್ತೀಯ?" ಎಂದಳು ಅಮ್ಮ. "ಕೂತ್ಕೊಂಡು ಬರಿ, ಟೈಮ್ ಆಗ್ತಿದೆ." ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, "ಇದು ನನ್ನ ಮಗಳ ಅಕ್ಷರ ಸಾರ್," ಎಂದಳು.

ಮುಂದಿನದು ಪಾಪುವಿಗೆ ಸರಿಯಾಗಿ ನೆನಪಿಲ್ಲ. ಗಣಿತದ ಮೇಷ್ಟ್ರು, "ಟೀಚರ್, ಇನ್ನೊಂದ್ಸಲ ನೋಡಿ," ಎಂದದ್ದು. ಅಮ್ಮ, "ನೋಡಿದ್ದಾಯ್ತು," ಎಂದದ್ದು. ಮುಂದಿನ ಬೆಂಚಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದದ್ದು. ಆಫೀಸಿನ ಕೋಣೆಯಲ್ಲಿ ಒಂದು ಹಾಳೆಗೆ ಸಹಿ ಹಾಕು ಎಂದರು, ಹಾಕಿದಳು. ಅಮ್ಮನೂ ಹಾಕಿದಳು.

ಪರೀಕ್ಷೆ ಇನ್ನೂ ನಡೆಯುತ್ತಿರುವಾಗಲೇ ಶಾಲೆಯಿಂದ ಹೊರಬಿದ್ದ ಅಮ್ಮ ಅವಳನ್ನು ಮನೆಗೆ ಕರೆದೊಯ್ಯಲಿಲ್ಲ. ಅಂಗಡಿ ಬೀದಿ ದಾಟಿ, ಬಸ್ ನಿಲ್ದಾಣದ ಹಿಂದೆ ನಡೆಸಿಕೊಂಡು ಹೋದಳು. ಒಂದೇ ಬಾಗಿಲಿನ ಅಂಗಡಿ. ಒಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಸುಟ್ಟ ಕಲೆಗಳ ಕಂಬಳಿ, ಒಂದು ಕಡೆ ಮಡಿಸಿದ ಬಟ್ಟೆಯ ರಾಶಿ, ಇನ್ನೊಂದು ಕಡೆ ಮುದುಡಿದ್ದು. ಚಿಕ್ಕಮ್ಮನ ವಯಸ್ಸಿನ ಹೆಂಗಸು. ಹತ್ತು ವರ್ಷ ದೊಡ್ಡವಳಂತೆ ಕಾಣುತ್ತಿದ್ದಳು. ಇವರನ್ನು ಕಂಡರೂ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಲಿಲ್ಲ.

"ನಿನ್ನ ಮಗಳು ಬರೀತಾ ಇದ್ದಾಳೆ," ಎಂದಳು ಅಮ್ಮ. "ಈಗಲೂ ಅಲ್ಲೇ ಕೂತು ಬರೀತಾ ಇದ್ದಾಳೆ. ಇವಳು ನನ್ನ ಮಗಳು, ಇವಳು ಮಾಡಿದ ಕೆಲಸ ಸಂಜೆ ನಿನ್ನ ಮಗಳೇ ಹೇಳ್ತಾಳೆ. ನಾನು ಬಂದದ್ದು ಬೇರೆ ಮಾತಿಗೆ. ಆವತ್ತಿನ ಚೀಟಿ..."

"ನಂದಲ್ಲ," ಎಂದಳು ಇಸ್ತ್ರಿಯವಳು. "ನನಗೆ ಗೊತ್ತಿಲ್ವಾ, ನಾನು ಬರೆದದ್ದೋ ಅಲ್ವೋ ಅಂತ? ನೀವು ಬಂದು ಹೇಳೋ ಅಂಥದ್ದು ಅದರಲ್ಲಿ ಏನಿದೆ?"

ಹದಿನೆಂಟು ವರ್ಷ ಮುಚ್ಚಿಟ್ಟ ಗುಟ್ಟು ಯಾರಿಂದ ಮುಚ್ಚಿಟ್ಟದ್ದು ಎಂದು ಆ ಮನೆಯಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ.

"ಗೊತ್ತಿದ್ದೂ ಮಗಳನ್ನ ನನ್ನ ಮನೆಗೆ ಕಳಿಸಿದೆ," ಎಂದಳು ಅಮ್ಮ ಕೊನೆಗೆ.

"ಎಷ್ಟು ದಿನ ಊಟ ಹಾಕಿದ ಮೇಲೆ ಬಾಯಿ ಬಿಡ್ತೀರೋ ನೋಡೋಣ ಅಂತ ಕಳಿಸಿದೆ." ಅಂಗಿಯ ತೋಳನ್ನು ತಿರುಗಿಸಿ ಹಾಕಿದಳು. "ಯಾರದ್ದು ಅಂತ ಹೇಳಬೇಕಾದದ್ದು ನನಗಲ್ಲ, ಟೀಚರ್. ಆವತ್ತು ಎಲ್ಲಿ ಬೆರಳು ತೋರಿಸಿದ್ರೋ ಅಲ್ಲಿ ಹೇಳಿ. ನಮ್ಮಪ್ಪ ಸಾಯೋವರೆಗೂ ನನ್ನ ನಂಬಲಿಲ್ಲ."

"ನಾಳೆ ಹೇಳ್ತೀನಿ. ಬರೆದೂ ಕೊಡ್ತೀನಿ."

"ಹೇಳಿ ಬನ್ನಿ. ನಾನು ಕ್ಷಮಿಸ್ತೀನಿ ಅಂತ ಮಾತ್ರ ಕಾಯಬೇಡಿ. ನಾಲ್ಕು ಗಂಟೆಗೆ ಈ ಬಟ್ಟೆ ಕೊಡಬೇಕು, ಸ್ವಲ್ಪ ಬೆಳಕು ಬಿಟ್ಟು ನಿಂತ್ಕೊಳ್ಳಿ."

ಮನೆ ತಲುಪುವ ಹೊತ್ತಿಗೆ ಸುದ್ದಿ ಮುಂಚೆಯೇ ತಲುಪಿತ್ತು. ಸಣ್ಣ ಊರು, ಆಸ್ಪತ್ರೆಯ ಕೌಂಟರಿಗೂ ಹೋಗಿತ್ತು. ಚಿಕ್ಕಮ್ಮ ಕೆಲಸ ಬಿಟ್ಟು ಬಂದಿದ್ದಳು. ಅಜ್ಜಿ ಹೊಸ್ತಿಲಲ್ಲೇ ಶುರು ಮಾಡಿದಳು.

"ಸ್ವಂತ ಮಗಳ ವರ್ಷ ಹಾಳು ಮಾಡಿದೆಯಲ್ಲೇ! ಒಂದು ಮಾತು, ಗೊತ್ತಾಗ್ತಿಲ್ಲ ಸಾರ್ ಅಂದಿದ್ರೆ ಆಗ್ತಿರಲಿಲ್ವಾ? ಯಾರು ನಿನ್ನ ನಾಲಿಗೆ ಕೀಳ್ತಿದ್ರು?"

"ಅಮ್ಮ, ಸುಮ್ಮನಿರು," ಎಂದು ಅಮ್ಮ ಅಜ್ಜಿಯನ್ನು ತಡೆದಳು.

"ಯಾಕೆ ಸುಮ್ಮನಿರ್ಲಿ? ನಾಳೆ ನಿನ್ನ ಕೆಲಸವೂ ಹೋಗುತ್ತೆ."

"ಹೋಗ್ಬಹುದು. ನಾಳೆ ಹಳೇದನ್ನೂ ಹೇಳೋಳಿದ್ದೀನಿ."

ಚಿಕ್ಕಮ್ಮ ಗೋಡೆಗೆ ಒರಗಿ ನಿಂತಿದ್ದಳು.

ಅಷ್ಟು ಹೊತ್ತು ತಡೆದುಕೊಂಡಿದ್ದ ಪಾಪುವಿನ ಬಾಯಿ ಒಡೆಯಿತು.

"ಚಿಕ್ಕಮ್ಮನಿಗೋಸ್ಕರ ಹೇಳಿದೆಯಲ್ಲ! ನಾನು ಕೇಳಿಸ್ಕೊಂಡೆ, ಎಲ್ಲ ಕೇಳಿಸ್ಕೊಂಡೆ. ಚಿಕ್ಕಮ್ಮನಿಗೋಸ್ಕರ ಸುಳ್ಳು ಹೇಳಿದೆ, ನನಗೋಸ್ಕರ ಹೇಳಲಿಲ್ಲ! ನನ್ನ ಅಕ್ಷರ ಅಂತ ಗೊತ್ತಾಗ್ಲಿ ಅಂತಲೇ ಬರೆದೆ. ಒಂದೇ ಒಂದು ಸಲ ನನ್ನ ಕಡೆ ನಿಲ್ತೀಯಾ ನೋಡೋಣ ಅಂತ ಬರೆದೆ. ನಿಲ್ಲಲಿಲ್ಲ ನೀನು!"

ಅಜ್ಜಿ ಕುಸಿದು ಕೂತಳು. ಅಮ್ಮ ಹೊಡೆಯುತ್ತಾಳೆ ಎಂದುಕೊಂಡು ಪಾಪು ಮುಖಕ್ಕೆ ಕೈ ಅಡ್ಡ ತಂದಳು. ಅಮ್ಮ ಹೊಡೆಯಲಿಲ್ಲ.

"ಹೂಂ. ಇವಳಿಗೋಸ್ಕರ ಹೇಳಿದೆ," ಎಂದಳು. "ಹೇಳಿ ಏನು ಸಿಕ್ತು ಕೇಳು. ಆವತ್ತಿಂದ ಒಂದೇ ಮನೇಲಿದ್ದೀವಿ. ಬಟ್ಟೆ ತೆಗಿ ಅಂತೀನಿ, ಹಾಲು ಇಳಿಸು ಅಂತೀನಿ. ಮುಖ ನೋಡಿ ಒಂದು ಮಾತಾಡಿಲ್ಲ ಕಣೇ. ಇವಳ ಮುಖ ನೋಡಿದ್ರೆ ಆ ಇನ್ನೊಬ್ಬಳು ಚೀಲ ತಗೊಂಡು ಹೊರಗೆ ಹೋದದ್ದು ಕಾಣುತ್ತೆ."

"ನನಗೂ ಅಷ್ಟೇ," ಎಂದಳು ಚಿಕ್ಕಮ್ಮ, ನೆಲ ನೋಡುತ್ತ. "ನಾಳೆ ನಾನೂ ಬರ್ತೀನಿ ಅ‍ಕ್ಕ."

"ತಂಗಿ ಆವತ್ತೇ ಹೋದಳು ನನಗೆ," ಎಂದಳು ಅಮ್ಮ ಪಾಪುವಿಗೆ. "ಇವತ್ತು ಅಲ್ಲಿ ನಿಂತಾಗ ನಾಲಿಗೆ ತುದಿಗೆ ಬಂದಿತ್ತು, ಆ ಹುಡುಗಿ ಹೆಸರು. ನಿನಗೋಸ್ಕರ ಬಂದಿತ್ತು. ಹೇಳಿದ್ರೆ ನಿನ್ನ ಮುಖವನ್ನೂ ಕಳ್ಕೋತಿದ್ದೆ. ಒಂದಾದ್ರೂ ಉಳೀಲಿ ಅಂತ ನುಂಗಿದೆ."

ಪಾಪು ಚಿಕ್ಕಮ್ಮನನ್ನು ನೋಡಿದಳು. ಗೋಡೆಗೆ ಒರಗಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು, ಮೂವತ್ತನಾಲ್ಕು ವರ್ಷದ ಹೆಂಗಸು ಬೈಸಿಕೊಳ್ಳುವ ಮಗುವಿನ ಹಾಗೆ ನಿಂತಿದ್ದಳು. ಹದಿನೈದು ದಿನ ಅನ್ನ ನೀರು ಸೇರದ ಹಾಗೆ ತಾನು ಅಸೂಯೆಪಟ್ಟದ್ದು ಇದರ ಮೇಲೆ.

ಅಮ್ಮ ಹತ್ತಿರ ಬಂದು, ಮಗಳ ಗಲ್ಲಕ್ಕೆ ಬೆರಳು ಕೊಟ್ಟು ಮುಖ ಎತ್ತಿದಳು. ಇಷ್ಟು ದಿನ ಬೇಕು ಬೇಕು ಎಂದು ಕುದಿದದ್ದು ಇದೇ: ಬೇರೆ ಯಾರನ್ನೂ ನೋಡದೆ ಅಮ್ಮ ತನ್ನೊಬ್ಬಳನ್ನೇ ನೋಡುವುದು. ತಾನಾಗಿ ಮುಚ್ಚಿಕೊಂಡ ಕಣ್ಣುಗಳನ್ನು ಎಷ್ಟು ಪ್ರಯತ್ನಿಸಿದರೂ ಪಾಪುವಿಗೆ ತೆರೆಯಲಾಗಲಿಲ್ಲ.